ಸೂಪರ್‌ಚಾರ್ಜರ್ ಕಾರಿನ ಎಳೆತ ಕುಂದಿದಾಗ: ಬಳ್ಳಾರಿ ಸೀಮೆಯ ಬಿಸಿಲು ಧೂಳಿನಲ್ಲಿ ದೋಷ ಹುಡುಕುವ ಕ್ರಮ

ಹೊಸಪೇಟೆ ರಸ್ತೆಯಲ್ಲಿರುವ ನಮ್ಮ ವರ್ಕ್‌ಶಾಪಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಅದಿರು ಸಾಗಿಸುವ ಲಾರಿಗಳು, ಟಿಪ್ಪರ್‌ಗಳು. ಟರ್ಬೊ ಬಿಚ್ಚಿ ಕಟ್ಟುವುದು ನಮ್ಮ ಹುಡುಗರಿಗೆ ಕಣ್ಣುಕಟ್ಟಿದರೂ ಬರುವ ಕೆಲಸ. ಟರ್ಬೊವಿನಂತೆಯೇ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಇರುವ ಸ್ಪೋರ್ಟ್ಸ್ ಕಾರು ಮಾತ್ರ ವರ್ಷಕ್ಕೆ ನಾಲ್ಕೈದು ಬಂದರೆ ಹೆಚ್ಚು. ಹಾಗೆ ಕಳೆದ ಬೇಸಿಗೆಯಲ್ಲಿ ಬಂದದ್ದು 5 ಲೀಟರ್‌ನ ವಿ-8 ಎಂಜಿನ್ನಿನ, ಎರಡು ಸೀಟಿನ ಒಂದು ಕಾರು. ಮಾಲೀಕರ ದೂರು ಒಂದೇ ಸಾಲಿನದು: “ಮೊದಲನೇ ಸಲ ಛಲೋ ಹೋಗತೈತ್ರಿ, ಮೂರನೇ ಸಲ ಒತ್ತಿದ್ರ ಎಳಿಯಂಗಿಲ್ಲ.” ದೊಡ್ಡ ಊರಿನ ವರ್ಕ್‌ಶಾಪೊಂದು ಇಡೀ ಸೂಪರ್‌ಚಾರ್ಜರ್ ಬದಲಿಸಬೇಕೆಂದು ಅಂದಾಜು ಪಟ್ಟಿ ಬರೆದುಕೊಟ್ಟಿತ್ತು. ಕೊನೆಗೆ ದೋಷ ಸಿಕ್ಕಿದ್ದು ಸೂಪರ್‌ಚಾರ್ಜರ್‌ನಿಂದ ಒಂದೂವರೆ ಮೀಟರ್ ದೂರದಲ್ಲಿ. ಅಲ್ಲಿಗೆ ಮುಟ್ಟಲು ನಾನೂ ಒಂದು ಸಲ ದಾರಿ ತಪ್ಪಿದೆ. ಆ ಕಾರನ್ನು ಮುಂದಿಟ್ಟುಕೊಂಡು, ಇಂಥ ದೂರು ಬಂದಾಗ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ ಮುಟ್ಟಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಗಾಳಿ ತುಂಬುವ ಬಗೆ

ಟರ್ಬೊ ತಿರುಗುವುದು ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆಯ ರಭಸದಿಂದ. ಸೂಪರ್‌ಚಾರ್ಜರ್ ತಿರುಗುವುದು ಕ್ರ್ಯಾಂಕ್ ಪುಲ್ಲಿಯಿಂದ ಬರುವ ಬೆಲ್ಟಿನಿಂದ. ಹೊಗೆ ಸೇರುವವರೆಗೆ ಕಾಯಬೇಕಾಗಿಲ್ಲವಾದ್ದರಿಂದ ಪೆಡಲ್ ಒತ್ತಿದ ಕೂಡಲೇ ಎಳೆತ ಸಿಗುತ್ತದೆ, ಆದರೆ ಅದನ್ನು ತಿರುಗಿಸುವ ಶಕ್ತಿಯನ್ನು ಎಂಜಿನ್ನೇ ಕೊಡಬೇಕು. ಅಮೆರಿಕದ ಡಾಡ್ಜ್ ಚಾಲೆಂಜರ್ ಹೆಲ್‌ಕ್ಯಾಟ್ ಕಾರಿನ 6.2 ಲೀಟರ್ ಎಂಜಿನ್ನಿನ ಮೇಲಿರುವ 2.4 ಲೀಟರ್ ಸೂಪರ್‌ಚಾರ್ಜರ್ 14,600 ಆರ್‌ಪಿಎಂವರೆಗೆ ತಿರುಗುತ್ತದೆ. ಅದನ್ನು ತಿರುಗಿಸಲಿಕ್ಕೇ ಸುಮಾರು 80 ಅಶ್ವಶಕ್ತಿ ಬೇಕು. ಒಂದು ಸಾಧಾರಣ ಕಾರಿನ ಇಡೀ ಎಂಜಿನ್ನಿನ ಬಲ ಒಂದು ಬೆಲ್ಟಿನ ಮೇಲೆ ಹರಿಯುತ್ತದೆ ಎಂದಾಯಿತು. ಬೆಲ್ಟನ್ನು ಏಕೆ ಅಷ್ಟು ಗಮನವಿಟ್ಟು ನೋಡಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ಸೂಪರ್‌ಚಾರ್ಜರ್‌ಗಳಲ್ಲಿ ಮುಖ್ಯವಾಗಿ ಮೂರು ಮಾದರಿ: ರೂಟ್ಸ್, ಅವಳಿ ಸ್ಕ್ರೂ, ಸೆಂಟ್ರಿಫ್ಯೂಗಲ್. ಇವುಗಳಲ್ಲಿ ರೂಟ್ಸ್ ಮಾದರಿಯ ಬ್ಲೋವರ್ ಹುಟ್ಟಿದ್ದು ಕಾರಿಗಾಗಿ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಈ ಯಂತ್ರ ಲೋಹ ಕರಗಿಸುವ ಕುಲುಮೆಗಳಿಗೂ ಗಣಿಗಳಿಗೂ ಗಾಳಿ ಊದುತ್ತಿತ್ತು. ಸಂಡೂರು, ತೋರಣಗಲ್ಲುಗಳ ನೆರೆಯಲ್ಲಿರುವ ನಮಗೆ ಇದು ದೂರದ ನೆಂಟನೇನಲ್ಲ. ಹಾರುಬೂದಿ, ಸಿಮೆಂಟನ್ನು ಪೈಪಿನಲ್ಲಿ ಗಾಳಿಯಿಂದ ತಳ್ಳುವ ಕಾರ್ಖಾನೆಗಳಲ್ಲಿ ಕೆಲಸ ಮಾಡಿದ ಫಿಟ್ಟರ್‌ಗಳು ಕಾರಿನ ಬಾನೆಟ್ ಎತ್ತಿದ ತಕ್ಷಣ ಅದನ್ನು ಗುರುತಿಸುತ್ತಾರೆ. ಎರಡು ರೋಟರ್‌ಗಳು ಒಂದನ್ನೊಂದು ಮುಟ್ಟದೆ ಎದುರುಬದುರಾಗಿ ತಿರುಗುತ್ತ, ಒಂದು ಬದಿಯಿಂದ ಗಾಳಿಯನ್ನು ಬೊಗಸೆಯಲ್ಲಿ ತುಂಬಿಕೊಂಡಂತೆ ಹಿಡಿದು ಇನ್ನೊಂದು ಬದಿಗೆ ಸುರಿಯುತ್ತವೆ. ಒಳಗೆ ಗಾಳಿ ಕುಗ್ಗುವುದಿಲ್ಲ. ಎಂಜಿನ್ ನುಂಗುವುದಕ್ಕಿಂತ ಹೆಚ್ಚು ಗಾಳಿ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗೆ) ಬಂದು ಸೇರುವುದರಿಂದ ಅಲ್ಲಿ ಒತ್ತಡ ಏಳುತ್ತದೆ. ಈಗಿನ, ಈಟನ್ ಕಂಪನಿಯ ಟಿವಿಎಸ್ ಎಂಬ ರೂಟ್ಸ್ ಮಾದರಿಯಲ್ಲಿ ಪ್ರತಿ ರೋಟರ್‌ಗೆ ನಾಲ್ಕು ಎಸಳುಗಳಿದ್ದು, ಅವು 160 ಡಿಗ್ರಿಯಷ್ಟು ತಿರುಚಿಕೊಂಡಿರುತ್ತವೆ. ಅವಳಿ ಸ್ಕ್ರೂ ಮಾದರಿಯಲ್ಲಿ ಗಾಳಿ ಒಳಗೇ ಕುಗ್ಗಿ ಹೊರಬರುತ್ತದೆ. ಸೆಂಟ್ರಿಫ್ಯೂಗಲ್ ಮಾದರಿಯದು ಟರ್ಬೊವಿನಂತೆಯೇ ಇರುವ ಚಕ್ರ. ವೇಗ ಏರಿದಂತೆ ಮಾತ್ರ ಅದರ ಒತ್ತಡ ಏರುವುದರಿಂದ ಅದರ ಲೆಕ್ಕವೇ ಬೇರೆ. ಇಲ್ಲಿ ಹೇಳುವುದು ಮುಖ್ಯವಾಗಿ ಮೊದಲೆರಡು ಮಾದರಿಗಳಿಗೆ ಅನ್ವಯಿಸುತ್ತದೆ.

ಒಂದು ಚಿಕ್ಕ ಲೆಕ್ಕ ಮನಸ್ಸಿನಲ್ಲಿದ್ದರೆ ಮುಂದಿನ ಪರೀಕ್ಷೆಗಳೆಲ್ಲ ಸುಲಭವಾಗುತ್ತವೆ. 5 ಲೀಟರ್‌ನ ನಾಲ್ಕು ಸ್ಟ್ರೋಕ್ ಎಂಜಿನ್ 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ 15,000 ಲೀಟರ್ ಗಾಳಿ ನುಂಗುತ್ತದೆ. ಸೂಪರ್‌ಚಾರ್ಜರ್ ಒಂದು ಸುತ್ತಿಗೆ 1.9 ಲೀಟರ್ ಗಾಳಿ ಸಾಗಿಸುತ್ತದೆ, ಪುಲ್ಲಿಗಳ ಅನುಪಾತ 2 (ಎಂಜಿನ್ ಒಂದು ಸುತ್ತು ತಿರುಗಿದರೆ ಅದು ಎರಡು ಸುತ್ತು) ಎಂದಿಟ್ಟುಕೊಂಡರೆ, ಅದು 12,000 ಸುತ್ತು ತಿರುಗಿ 22,800 ಲೀಟರ್ ತಂದು ಸುರಿಯುತ್ತದೆ. ಉಷ್ಣತೆ, ಸೋರಿಕೆಗಳನ್ನು ಬದಿಗಿಟ್ಟರೆ ಎಂಜಿನ್ನಿಗೆ ಒಂದೂವರೆ ಪಟ್ಟು ಗಾಳಿ ಸಿಕ್ಕಂತಾಯಿತು. ಬೆಲ್ಟ್ ನೂರಕ್ಕೆ ಹತ್ತರಷ್ಟು ಜಾರಿದರೂ ಆ 22,800 ಲೀಟರ್ 20,520ಕ್ಕೆ ಇಳಿದು, ಹೆಚ್ಚುವರಿಯಾಗಿ ಬರುತ್ತಿದ್ದ ಗಾಳಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೊರಟುಹೋಗುತ್ತದೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದದ್ದು. ಬೂಸ್ಟ್ ಗೇಜ್ ತೋರಿಸುವುದು ಮ್ಯಾನಿಫೋಲ್ಡಿನಲ್ಲಿ ಏಳುವ ಈ ಒತ್ತಡವನ್ನು (ಅದೇ ಬೂಸ್ಟ್). ಎಂಜಿನ್ನಿನ ಬಲ ನಿಂತಿರುವುದು ಸಿಲಿಂಡರಿನೊಳಗೆ ಹೋಗುವ ಗಾಳಿಯ ತೂಕದ ಮೇಲೆ. ಬಿಸಿಯಾದ ಗಾಳಿ ಅದೇ ಒತ್ತಡದಲ್ಲಿದ್ದರೂ ಹಗುರವಾಗಿರುತ್ತದೆ. ಹೊರಹೋಗುವ ದಾರಿ ಕಟ್ಟಿಕೊಂಡರೆ ಗಾಳಿ ಹರಿಯದಿದ್ದರೂ ಒತ್ತಡ ಏರುತ್ತದೆ. ಗೇಜಿನ ಮುಳ್ಳು ಸರಿಯಾದ ಜಾಗದಲ್ಲಿ ನಿಂತಿದೆ ಎಂಬ ಒಂದೇ ಕಾರಣಕ್ಕೆ ಗಾಳಿಯ ಕಡೆ ಎಲ್ಲ ಸರಿಯಿದೆ ಎಂದು ತೀರ್ಮಾನಿಸುವುದೂ, ಮುಳ್ಳು ಇಳಿದಿದೆ ಎಂದು ಸೂಪರ್‌ಚಾರ್ಜರ್ ಬಿಚ್ಚುವುದೂ ಎರಡೂ ತಪ್ಪೇ.

ಬಾನೆಟ್ ಎತ್ತುವ ಮುನ್ನ

ಮಾಲೀಕರನ್ನು ಕೂರಿಸಿಕೊಂಡು ಚಹಾ ಕುಡಿಯುವಷ್ಟು ಹೊತ್ತು ಮಾತಾಡಿದರೆ ಅರ್ಧ ದಾರಿ ಸವೆಯುತ್ತದೆ. ಬೆಳಗಿನ ತಂಪಿನಲ್ಲಿ, ಎಂಜಿನ್ ಈಗಷ್ಟೇ ಬಿಸಿಯಾದಾಗಲೂ ಎಳೆತ ಇಲ್ಲವೇ, ಅಥವಾ ಎರಡು ಮೂರು ಸಲ ಜೋರಾಗಿ ಓಡಿಸಿದ ಮೇಲೆ ಮಾತ್ರ ಕುಂದುತ್ತದೆಯೇ? ಕೆಳಗಿನ ಆರ್‌ಪಿಎಂನಲ್ಲಿ ಸರಿಯಿದ್ದು ಮೇಲಕ್ಕೆ ಹೋದಾಗ ಕುಸಿಯುತ್ತದೆಯೇ? ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಸುಮ್ಮನೆ ಓಡುವಾಗ) ಏನಾದರೂ ಸದ್ದು ಬರುತ್ತದೆಯೇ? ತಂಪಿನಲ್ಲೂ ಎಳೆಯದಿದ್ದರೆ ಬೈಪಾಸ್ ವಾಲ್ವ್ (ಗಾಳಿಯನ್ನು ಹಿಂದಕ್ಕೆ ಸುತ್ತಿಸುವ ಬಾಗಿಲು) ಅಥವಾ ದೊಡ್ಡ ಸೋರಿಕೆಯ ಕಡೆಗೆ, ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಕುಸಿದರೆ ಬೆಲ್ಟಿನ ಕಡೆಗೆ, ಓಡಿದಷ್ಟೂ ಕುಂದುತ್ತ ಹೋದರೆ ಶಾಖದ ಕಡೆಗೆ ಮೊದಲು ಕೈ ಹಾಕಬೇಕು. ಕಾರು ಎಲ್ಲಿ ಓಡಾಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಕೇಳಬೇಕು. ಈ ಪ್ರಶ್ನೆಯನ್ನು ನಾನು ಆ ದಿನ ಕೇಳಿರಲಿಲ್ಲ.

ಬಳಿಕ ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಸ್ಕ್ಯಾನರ್ ಹಾಕಿ, ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಎಷ್ಟು ತೋರಿಸುತ್ತದೆ ಎಂದು ನೋಡಬೇಕು. ಸಮುದ್ರಮಟ್ಟದಲ್ಲಿ ಅದು 101 ಕಿಲೋಪ್ಯಾಸ್ಕಲ್ ಆಸುಪಾಸಿನಲ್ಲಿರುತ್ತದೆ. ನಾಲ್ಕೈದು ನೂರು ಮೀಟರ್ ಎತ್ತರದಲ್ಲಿರುವ ಬಳ್ಳಾರಿಯಲ್ಲಿ 95ರಿಂದ 96 ಬಂದರೆ ಸರಿ. ಇದನ್ನು ತಿಳಿಯದೆ 95 ಕಂಡ ಕೂಡಲೇ ಸೆನ್ಸರ್ ಕೆಟ್ಟಿದೆ ಎಂದು ಬದಲಿಸಿದವರನ್ನು ಕಂಡಿದ್ದೇನೆ. ವಾತಾವರಣದ ಒತ್ತಡ ಅಳೆಯುವ ಇನ್ನೊಂದು ಸೆನ್ಸರ್ ಇರುವ ಕಾರುಗಳಲ್ಲಿ ಎರಡೂ ಒಂದೇ ಅಂಕಿ ತೋರಿಸಬೇಕು.

ಓಡಿಸಿ ನೋಡುವುದು ಅನಿವಾರ್ಯ, ಆದರೆ ಅದಿರಿನ ಲಾರಿಗಳು ಸಾಲುಗಟ್ಟಿರುವ 67ನೇ ರಾಷ್ಟ್ರೀಯ ಹೆದ್ದಾರಿ ಅದಕ್ಕೆ ತಕ್ಕ ಜಾಗವಲ್ಲ. ಕಾರನ್ನು ನಿಂತಲ್ಲೇ ಓಡಿಸಿ ಬಲ ಅಳೆಯುವ ಡೈನೊ ನಮ್ಮಲ್ಲಿಲ್ಲವಾದ್ದರಿಂದ ಮಾಲೀಕರದೇ ಆವರಣದೊಳಗಿನ ಕಾಂಕ್ರೀಟ್ ರಸ್ತೆಯಲ್ಲಿ, ಜನ ಓಡಾಡದ ಭಾನುವಾರ, ಎರಡನೇ ಗೇರಿನಲ್ಲಿ ಕೆಲವೇ ಸೆಕೆಂಡು ಪೂರ್ತಿ ಪೆಡಲ್ ಒತ್ತಿ, ಎರಡು ನಿಮಿಷದ ಬಿಡುವು ಕೊಟ್ಟು ಮೂರು ಸಲ ಓಡಿಸಿದೆವು. ಪಕ್ಕದ ಸೀಟಿನಲ್ಲಿ ಕುಳಿತ ಹುಡುಗ ಸ್ಕ್ಯಾನರ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ, ಗಾಳಿ ತಣಿಸುವ ಇಂಟರ್‌ಕೂಲರ್ ದಾಟಿದ ಗಾಳಿಯ ಉಷ್ಣತೆ, ಗಾಳಿ ಒಳಬಿಡುವ ಥ್ರಾಟಲ್ ಎಷ್ಟು ತೆರೆದಿದೆ, ಸ್ಪಾರ್ಕ್ ಎಷ್ಟು ಡಿಗ್ರಿ ಮುಂಚೆ ಬೀಳುತ್ತಿದೆ ಎಂಬ ನಾಲ್ಕನ್ನು ದಾಖಲಿಸಿಕೊಂಡ. ಹೊರಗೆ 41 ಡಿಗ್ರಿ ಸೆಲ್ಸಿಯಸ್ ಇತ್ತು. ಮೊದಲ ಓಟದಲ್ಲಿ ಒತ್ತಡ 167 ಕಿಲೋಪ್ಯಾಸ್ಕಲ್, ಗಾಳಿ 61 ಡಿಗ್ರಿ, ಸ್ಪಾರ್ಕ್ 19 ಡಿಗ್ರಿ. ಎರಡನೆಯದರಲ್ಲಿ ಒತ್ತಡ ಅದೇ 167, ಗಾಳಿ 78, ಸ್ಪಾರ್ಕ್ 14. ಮೂರನೆಯದರಲ್ಲಿ ಗಾಳಿ 97ಕ್ಕೆ ಏರಿ, ಸ್ಪಾರ್ಕ್ 7ಕ್ಕೆ ಇಳಿದು, ಕಾಲು ಪೂರ್ತಿ ಒತ್ತಿದ್ದರೂ ಥ್ರಾಟಲನ್ನು ಕಂಪ್ಯೂಟರೇ ಮುಚ್ಚತೊಡಗಿತ್ತು. ಎರಡನೇ ಓಟದ ಅಂಕಿಗಳನ್ನು ಗಮನಿಸಿ: ಗಾಳಿ ಬಿಸಿಯಾದದ್ದರಿಂದ ಕಂಪ್ಯೂಟರ್ ಸ್ಪಾರ್ಕನ್ನು ಹಿಂದೆ ಸರಿಸಿ, ಒತ್ತಡ ಒಂದಿಷ್ಟೂ ಇಳಿಯದೆ ಎಳೆತ ಇಳಿದಿದೆ. ಇಷ್ಟು ಕಂಡ ಮೇಲೆ ಬೆಲ್ಟ್, ಬೈಪಾಸ್, ರೋಟರ್‌ಗಳನ್ನು ಬದಿಗಿಟ್ಟು ನೇರವಾಗಿ ಶಾಖದ ಬೆನ್ನು ಹತ್ತಬಹುದಿತ್ತು. ಆದರೂ ಎಲ್ಲ ಕಾರುಗಳೂ ಇಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲವಾದ್ದರಿಂದ ಉಳಿದವುಗಳನ್ನೂ ಕ್ರಮವಾಗಿ ಹೇಳುತ್ತೇನೆ.

ಬೆಲ್ಟ್

ಜಾರುವ ಬೆಲ್ಟಿನ ಗುರುತು ಸ್ಕ್ಯಾನರ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒತ್ತಡ 4000 ಆರ್‌ಪಿಎಂವರೆಗೆ ಏರಿ, ಮುಂದೆ ಎಂಜಿನ್ ವೇಗ ಏರಿದರೂ ಒತ್ತಡ ಅಲ್ಲೇ ನಿಲ್ಲುತ್ತದೆ ಅಥವಾ ಇಳಿಯುತ್ತದೆ. ಕಣ್ಣಿಗೆ ಕಾಣುವ ಗುರುತು ಪುಲ್ಲಿಯ ಹಿಂದಿನ ಬ್ರ್ಯಾಕೆಟ್ ಮೇಲೆ ಕಾಡಿಗೆಯಂತೆ ಕುಳಿತ ಕಪ್ಪು ಪುಡಿ. ಬೆರಳಲ್ಲಿ ಒರೆಸಿದರೆ ಜಿಡ್ಡಿಲ್ಲದೆ ಹತ್ತಿಕೊಳ್ಳುವ ಆ ಪುಡಿ ರಬ್ಬರಿನದು. ನಮ್ಮ ಕಡೆ ಅದರ ಜೊತೆ ಅದಿರಿನ ಕೆಂಪು ಧೂಳೂ ಬೆರೆತಿರುತ್ತದೆ. ಹೆಮಟೈಟ್ (ಕಬ್ಬಿಣದ ಅದಿರು) ಧೂಳು ಬೆಲ್ಟಿನ ಗೀರುಗಳ ನಡುವೆ ಸೇರಿದರೆ ಉಪ್ಪುಕಾಗದದಂತೆ ಪುಲ್ಲಿಯನ್ನೂ ರಬ್ಬರನ್ನೂ ಒಟ್ಟಿಗೇ ತಿನ್ನುತ್ತದೆ. ಈಗಿನ ಬೆಲ್ಟುಗಳು ಹಳೆಯವುಗಳಂತೆ ಸುಲಭವಾಗಿ ಬಿರುಕು ಬಿಡುವುದಿಲ್ಲ, ಸವೆಯುತ್ತವೆ. ಹಾಗಾಗಿ ಬಿರುಕಿಲ್ಲ ಎಂದ ಮಾತ್ರಕ್ಕೆ ಬೆಲ್ಟ್ ಚೆನ್ನಾಗಿದೆ ಎನ್ನಬಾರದು. ಗೀರುಗಳ ಆಳವನ್ನು ಗೇಜಿನಿಂದಲೇ ಅಳೆಯಬೇಕು.

ಕೀಚಲು ಸದ್ದು ಬರುತ್ತಿದ್ದರೆ ಐಡಲ್‌ನಲ್ಲಿರುವಾಗ ಬೆಲ್ಟಿನ ಗೀರುಗಳ ಬದಿಗೆ ದೂರದಿಂದ ಸ್ವಲ್ಪ ನೀರು ಚಿಮುಕಿಸಿ ಕಿವಿಗೊಡಬೇಕು. ಸದ್ದು ಕ್ಷಣಕಾಲ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ; ಜೋರಾದರೆ ಬಿಗಿತ ಸಾಲದು, ಅಂದರೆ ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಸ್ಪ್ರಿಂಗ್ ಸೋತಿದೆ. ಬೆಲ್ಟಿಗೆ ಹೊಡೆಯುವ ಸ್ಪ್ರೇಗಳು ಸದ್ದನ್ನು ಮುಚ್ಚುತ್ತವೆಯೇ ಹೊರತು ದೋಷವನ್ನಲ್ಲ, ಮೇಲಾಗಿ ಧೂಳನ್ನು ಅಂಟಿಸಿಕೊಳ್ಳುತ್ತವೆ. ನಮ್ಮ ಕಾರಿನ ಬೆಲ್ಟ್ ಸರಿಯಿತ್ತು.

ಬೈಪಾಸ್ ವಾಲ್ವ್

ಪೆಡಲ್ ಒತ್ತದೆ ನಿಧಾನವಾಗಿ ಹೋಗುವಾಗಲೂ ಸೂಪರ್‌ಚಾರ್ಜರ್ ತಿರುಗುತ್ತಲೇ ಇರುತ್ತದೆ. ಆಗ ಅದು ತಳ್ಳಿದ ಗಾಳಿ ಸುಮ್ಮನೆ ಹಿಂದಿನ ಬದಿಗೆ ಸುತ್ತಿ ಬರಲೆಂದು ಇರುವ ಬಾಗಿಲೇ ಬೈಪಾಸ್. ಹೆಚ್ಚಿನ ರೂಟ್ಸ್ ಮಾದರಿಗಳಲ್ಲಿ ಎಂಜಿನ್ ನಿಂತಾಗ ಸ್ಪ್ರಿಂಗ್ ಅದನ್ನು ಮುಚ್ಚಿರುತ್ತದೆ. ಐಡಲ್‌ನಲ್ಲಿ ಎಂಜಿನ್ನಿನ ವ್ಯಾಕ್ಯೂಮ್ ಡಯಾಫ್ರಾಮನ್ನು ಎಳೆದು ತೆರೆಯುತ್ತದೆ. ಪೆಡಲ್ ಒತ್ತಿದಾಗ ವ್ಯಾಕ್ಯೂಮ್ ಹೋಗಿ ಮತ್ತೆ ಮುಚ್ಚುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವಾಗ ಆ ಸಣ್ಣ ಕೈ ಅಲ್ಲಾಡುವುದನ್ನು ಕಣ್ಣಾರೆ ನೋಡಬಹುದು. ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡರೆ ಬೂಸ್ಟ್ ಬರುವುದಿಲ್ಲ, ಇದು ಬೇಗ ಸಿಕ್ಕಿಬೀಳುವ ದೋಷ. ಡಯಾಫ್ರಾಮ್ ಹರಿದು ವಾಲ್ವ್ ಸದಾ ಮುಚ್ಚೇ ಇರುವುದು ಮೋಸದ ದೋಷ: ಪೂರ್ತಿ ಪೆಡಲ್ ಒತ್ತಿದರೆ ಎಳೆತ ಸರಿಯಾಗಿಯೇ ಇರುತ್ತದೆ, ಆದರೆ ಊರೊಳಗೆ ಓಡಾಡುವಾಗಲೂ ಸೂಪರ್‌ಚಾರ್ಜರ್ ಒರಲುತ್ತ, ಗಾಳಿಯನ್ನು ಕಾಯಿಸುತ್ತ, ಪೆಟ್ರೋಲ್ ತಿನ್ನುತ್ತಿರುತ್ತದೆ. ಕೈಪಂಪಿನಿಂದ ಡಯಾಫ್ರಾಮಿಗೆ ವ್ಯಾಕ್ಯೂಮ್ ಕೊಟ್ಟು, ಮುಳ್ಳು ಒಂದು ನಿಮಿಷ ಅಲ್ಲೇ ನಿಲ್ಲುತ್ತದೆಯೇ ಎಂದು ನೋಡಿದರೆ ಸಾಕು. ಮೋಟರಿನಿಂದ ತೆರೆಯುವ ಬೈಪಾಸ್ ಇರುವ ಕಾರುಗಳಲ್ಲಿ ಈ ಪರೀಕ್ಷೆಯನ್ನು ಸ್ಕ್ಯಾನರ್‌ನಿಂದಲೇ ಮಾಡಬೇಕು.

ಸೋರಿಕೆ

ಸೂಪರ್‌ಚಾರ್ಜರ್ ದಾಟಿದ ಮೇಲಿನ ಸೋರಿಕೆ ಗಾಳಿಯನ್ನು ಹೊರಗೆ ಬಿಡುತ್ತದೆ. ಅದನ್ನು ಹೊಗೆ ಯಂತ್ರದಿಂದ ಹುಡುಕಬಹುದು. ಅದಕ್ಕೂ ಮುಂಚಿನ, ಏರ್ ಫಿಲ್ಟರ್ ಮತ್ತು ಸೂಪರ್‌ಚಾರ್ಜರ್ ನಡುವಿನ ಸೋರಿಕೆ ಎಳೆತವನ್ನು ಅಷ್ಟಾಗಿ ಕುಂದಿಸದಿದ್ದರೂ ನಮ್ಮ ಸೀಮೆಯಲ್ಲಿ ಹೆಚ್ಚು ಅಪಾಯದ್ದು, ಏಕೆಂದರೆ ಅಲ್ಲಿಂದ ಒಳಗೆ ಹೋಗುವುದು ಸೋಸದ ಧೂಳು. ರೋಟರ್‌ಗಳ ನಡುವಿನ ಸಂದು ಕೂದಲೆಳೆಯಷ್ಟು. ಅವುಗಳ ಮೇಲಿನ ಲೇಪ ಉಜ್ಜಿಹೋದರೆ ಗಾಳಿ ಹಿಂದಕ್ಕೆ ಜಾರತೊಡಗುತ್ತದೆ. ಈ ಸೋರಿಕೆಯನ್ನು ಹುಡುಕಲು ನಮ್ಮ ಕೆಂಪು ಧೂಳೇ ಸಹಾಯಕ. ಏರ್ ಫಿಲ್ಟರ್ ಡಬ್ಬಿಯ ನಂತರದ ರಬ್ಬರ್ ಪೈಪನ್ನು ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಕುಂಕುಮದಂತೆ ಕೆಂಪಗಾದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ ಅಥವಾ ಪೈಪ್ ಎಲ್ಲೋ ಬಿಟ್ಟಿದೆ. ಕ್ಲಾಂಪಿನ ಹತ್ತಿರ ಬಾಲದ ಆಕಾರದ ಕೆಂಪು ಗೆರೆ ಎಲ್ಲಿ ಮೊದಲಾಗುತ್ತದೆಯೋ ಅಲ್ಲೇ ಸಂದು ಇರುತ್ತದೆ. ಸಂಡೂರಿನ ಕಡೆ ದಿನವೂ ಓಡುವ ಕಾರಿನ ಫಿಲ್ಟರನ್ನು ಕಂಪನಿ ಪುಸ್ತಕದ ಅವಧಿಗೆ ಕಾಯದೆ ಅರ್ಧಕ್ಕೇ ಬದಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಗಾಳಿ ಊದಿ ಮತ್ತೆ ಹಾಕುವುದು ಲಾರಿಗಳ ರೂಢಿ, ಇಲ್ಲಿ ಬೇಡ.

ಶಾಖ

ಇನ್ನು ಮುಖ್ಯ ವಿಷಯಕ್ಕೆ ಬರೋಣ. 42 ಡಿಗ್ರಿ ಗಾಳಿಯನ್ನು 1.7 ಪಟ್ಟು ಒತ್ತಡಕ್ಕೆ ಏರಿಸಿದರೆ, ಸೂಪರ್‌ಚಾರ್ಜರ್‌ನ ದಕ್ಷತೆ ನೂರಕ್ಕೆ 60 ಎಂದು ಹಿಡಿದರೂ, ಹೊರಬರುವ ಗಾಳಿ 125 ಡಿಗ್ರಿ ದಾಟುತ್ತದೆ. ಅದೇ ಲೆಕ್ಕವನ್ನು 25 ಡಿಗ್ರಿ ಗಾಳಿಗೆ ಹಾಕಿದರೆ 106 ಆಸುಪಾಸು. ತಂಪು ದೇಶಗಳ ಕೈಪಿಡಿಗಳಲ್ಲಿ ಸರಿ ಎಂದು ಬರೆದ ಅಂಕಿಗಳು ಮೇ ತಿಂಗಳ ಬಳ್ಳಾರಿಯಲ್ಲೂ ರಾಯಚೂರಿನಲ್ಲೂ ಬರದಿದ್ದರೆ ಅದು ದೋಷವಲ್ಲ. ಆದರೆ ಮೊದಲ ಓಟಕ್ಕೂ ಮೂರನೆಯದಕ್ಕೂ 36 ಡಿಗ್ರಿ ಅಂತರ ಬಂದರೆ ಅದು ಬಿಸಿಲಿನ ಕೆಲಸವಲ್ಲ. ಹೀರಿಕೊಂಡ ಶಾಖವನ್ನು ಹೊರಹಾಕುವ ದಾರಿ ಎಲ್ಲೋ ಕಟ್ಟಿದೆ.

ಇಂಥ ಕಾರುಗಳಲ್ಲಿ ಹೆಚ್ಚಾಗಿ ಇಂಟರ್‌ಕೂಲರ್ ಸೂಪರ್‌ಚಾರ್ಜರ್‌ನ ಜೊತೆಯಲ್ಲೇ, ಎಂಜಿನ್ನಿನ ಮೇಲೆ ಇರುತ್ತದೆ. ಅದರೊಳಗೆ ಕೂಲೆಂಟ್ ಹರಿದು ಗಾಳಿಯ ಶಾಖವನ್ನು ಹೀರಿ, ಕಾರಿನ ಮೂತಿಯಲ್ಲಿರುವ ಬೇರೆಯೇ ಒಂದು ಸಣ್ಣ ರೇಡಿಯೇಟರ್‌ಗೆ ಒಯ್ಯುತ್ತದೆ. ಅದನ್ನು ಓಡಿಸಲು ಒಂದು ವಿದ್ಯುತ್ ಪಂಪ್ ಇದೆ. ಎಂಜಿನ್ನಿನ ಟೆಂಪರೇಚರ್ ಮುಳ್ಳಿಗೂ ಈ ಸುತ್ತಿಗೂ ಸಂಬಂಧವಿಲ್ಲ. ಪಂಪ್ ಸತ್ತರೂ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಬರದ ಕಾರುಗಳಿವೆ. ಆದ್ದರಿಂದ ಮೊದಲು ಪಂಪನ್ನು ಕೈಯಿಂದ ಮುಟ್ಟಿ ಅದುರುವಿಕೆ ಇದೆಯೇ, ಟ್ಯಾಂಕಿನ ಮುಚ್ಚಳ ತೆಗೆದು (ಎಂಜಿನ್ ತಣ್ಣಗಿರುವಾಗ ಮಾತ್ರ) ಕೂಲೆಂಟ್ ಧಾರೆಯಾಗಿ ಮರಳುತ್ತಿದೆಯೇ ನೋಡಬೇಕು. ಫ್ಯೂಸ್ ಮತ್ತು ರಿಲೇ ನೋಡದೆ ಪಂಪ್ ತರಿಸಬಾರದು.

ನಮ್ಮ ಕಾರಿನಲ್ಲಿ ಪಂಪ್ ಓಡುತ್ತಿತ್ತು, ಆದರೆ ಮರಳುವ ಧಾರೆ ಬಿಟ್ಟು ಬಿಟ್ಟು ಗುಳುಗುಳು ಎನ್ನುತ್ತಿತ್ತು. ಸುತ್ತಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ತೀರ್ಮಾನಿಸಿ, ವ್ಯಾಕ್ಯೂಮ್ ಉಪಕರಣದಿಂದ ಗಾಳಿ ತೆಗೆದು ಹೊಸ ಕೂಲೆಂಟ್ ತುಂಬಿಸಿದೆ. ಬಂದ ಹಳೆಯ ಕೂಲೆಂಟ್ ಬಿಳಿಚಿಕೊಂಡು, ಬಕೆಟ್ಟಿನ ತಳದಲ್ಲಿ ಸುಣ್ಣದಂಥ ಪುಡಿ ಬಿಟ್ಟಿತ್ತು. ಯಾರೋ ಎಂದೋ ಬೋರಿನ ನೀರು ಸೇರಿಸಿದ್ದರು. ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಬೋರ್‌ವೆಲ್ ನೀರಿನ ಗಡಸುತನ ಮನೆಯ ಗೀಸರ್ ಬಿಚ್ಚಿದವರಿಗೆಲ್ಲ ಗೊತ್ತು. ಇಂಟರ್‌ಕೂಲರ್‌ನ ಕಿರಿದಾದ ನಾಳಗಳಲ್ಲಿ ಅದೇ ಪದರ ಕುಳಿತರೆ ಶಾಖ ದಾಟುವುದೇ ಇಲ್ಲ. ತುರ್ತಿನಲ್ಲೂ ಡಿಸ್ಟಿಲ್ಡ್ ನೀರನ್ನೇ ಹಾಕಬೇಕು. ಬ್ಯಾಟರಿ ಅಂಗಡಿಗಳಲ್ಲಿ ಕ್ಯಾನ್ ಸಿಗುತ್ತದೆ. ಸುತ್ತನ್ನು ಎರಡು ಸಲ ತೊಳೆದು ಮತ್ತೆ ಓಡಿಸಿದಾಗ ಮೂರನೇ ಓಟದ ಉಷ್ಣತೆ 97ರಿಂದ 88ಕ್ಕೆ ಇಳಿಯಿತು. ಅಷ್ಟಕ್ಕೇ ಸಮಾಧಾನಪಟ್ಟು ಕಾರನ್ನು ಕೊಟ್ಟು ಕಳುಹಿಸಿದೆ. 88 ಒಳ್ಳೆಯ ಅಂಕಿಯಲ್ಲ ಎಂಬುದು ನನಗೆ ಗೊತ್ತಿತ್ತು. ಮುಂದಿನ ಬಂಪರ್ ಬಿಚ್ಚಿ ಕಟ್ಟಲು ಅರ್ಧ ದಿನ ಬೇಕು ಎಂಬುದೂ ಗೊತ್ತಿತ್ತು.

ಹತ್ತನೇ ದಿನಕ್ಕೆ ಕಾರು ಅದೇ ದೂರಿನೊಂದಿಗೆ ಮರಳಿತು. ಈ ಸಲ ಮೊದಲೇ ಮಾಡಬೇಕಿದ್ದ ಅಳತೆಯನ್ನು ಮಾಡಿದೆ: ಮೂರು ಓಟ ಮುಗಿದ ಕೂಡಲೇ ಎಂಜಿನ್ ಓಡುತ್ತಿರುವಂತೆಯೇ ಪೆಡೆಸ್ಟಲ್ ಫ್ಯಾನ್ ಎದುರಿಟ್ಟು, ಮೂತಿಯ ಸಣ್ಣ ರೇಡಿಯೇಟರ್‌ಗೆ ಹೋಗುವ ಮತ್ತು ಅಲ್ಲಿಂದ ಬರುವ ಪೈಪುಗಳ ಉಷ್ಣತೆ ತೆಗೆದುಕೊಂಡೆ. ಹೋಗುವುದು 63, ಬರುವುದು 60. ಕೂಲೆಂಟ್ ಚೆನ್ನಾಗಿ ಹರಿಯುತ್ತಿದ್ದು, ಹೊರಗಿನ ಗಾಳಿಗಿಂತ 20 ಡಿಗ್ರಿಗೂ ಹೆಚ್ಚು ಬಿಸಿಯಿದ್ದೂ ಮೂರೇ ಡಿಗ್ರಿ ತಣಿಯುತ್ತಿದೆ ಎಂದರೆ ರೇಡಿಯೇಟರ್‌ನ ಮೈಗೆ ಗಾಳಿಯೇ ತಗಲುತ್ತಿಲ್ಲ. (ಎರಡು ಪೈಪುಗಳ ಅಂತರ ತುಂಬ ಹೆಚ್ಚಿದ್ದರೆ ಅದೂ ಒಳ್ಳೆಯದಲ್ಲ, ಹರಿವು ಸೋತಿದೆ ಎಂದರ್ಥ, ಪಂಪಿನ ಕಡೆ ನೋಡಬೇಕು.) ಬಂಪರ್ ಬಿಚ್ಚಿದೆವು. ಎದುರಿನಿಂದ ಬ್ಯಾಟರಿ ಬಿಟ್ಟು ನೋಡಿದರೆ ರೇಡಿಯೇಟರ್ ಚೊಕ್ಕವಾಗಿಯೇ ಇತ್ತು. ಅದರ ಹಿಂದೆ, ಎಸಿ ಕಂಡೆನ್ಸರ್‌ಗೂ ಅದಕ್ಕೂ ನಡುವಿನ ಎರಡು ಬೆರಳಿನ ಸಂದಿನಲ್ಲಿ, ಹತ್ತಿಯ ಎಳೆಗಳು ಹೆಣೆದುಕೊಂಡು, ಅವುಗಳ ಮೇಲೆ ಅದಿರಿನ ಧೂಳು ಕುಳಿತು, ಕಂಬಳಿಯ ತುಂಡಿನಂಥ ಕಂದುಗೆಂಪು ಹೊದಿಕೆ ನಿಂತಿತ್ತು. ಮೂಲೆ ಹಿಡಿದು ಎಳೆದರೆ ಅಂಗೈ ಅಗಲದ ಚೂರು ಇಡಿಯಾಗಿಯೇ ಕೈಗೆ ಬಂತು. ಕೇಳಿದಾಗ ಮಾಲೀಕರು ಹೇಳಿದರು: ಕಾರು ನಿಲ್ಲುವುದು ಜಿನ್ನಿಂಗ್ ಮಿಲ್ಲಿನ ಆವರಣದಲ್ಲಿ, ಸುಗ್ಗಿಯಲ್ಲಿ ರಾಯಚೂರಿನ ಕಡೆ ವಾರಕ್ಕೆರಡು ಸಲ ಓಡಾಟ. ಹತ್ತಿ ಹೇರಿದ ಲಾರಿಯ ಹಿಂದೆ ಹೋದ ಕಾರಿನ ಮೂತಿ ಹೇಗಿರುತ್ತದೆ ಎಂಬುದು ನಮ್ಮವರಿಗೆ ಹೊಸದಲ್ಲ. ಸಾಧಾರಣ ಕಾರಿನಲ್ಲಿ ಅದು ಎಸಿಯನ್ನು ಕುಂದಿಸಿದರೆ, ಇಲ್ಲಿ ಎಂಜಿನ್ನಿನ ಬಲವನ್ನೇ ಕುಂದಿಸುತ್ತದೆ.

ತೊಳೆಯುವಾಗ ಪ್ರೆಷರ್ ವಾಶರ್ ಹಿಡಿಯಬಾರದು. ರೇಡಿಯೇಟರ್‌ನ ತೆಳು ರೆಕ್ಕೆಗಳು ಮಡಚಿಕೊಂಡು ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಒಣಗಿರುವಾಗಲೇ ಮೆತ್ತನೆಯ ಬ್ರಷ್‌ನಿಂದ ಎಳೆಗಳನ್ನು ತೆಗೆದು, ಹಿಂದಿನಿಂದ ಮುಂದಕ್ಕೆ ಕಡಿಮೆ ಒತ್ತಡದ ಗಾಳಿ, ಬಳಿಕ ಸಾದಾ ಪೈಪಿನ ನೀರು ಬಿಡಬೇಕು. ಮೊದಲೇ ನೀರು ಬಿಟ್ಟರೆ ಹತ್ತಿ ಮತ್ತು ಧೂಳು ಸೇರಿ ಗಾರೆಯಾಗುತ್ತದೆ.

ಗೋಲಿ ಅಲುಗಿಸಿದ ಸದ್ದು

ಕೊಪ್ಪಳದಿಂದ ಬಂದ ಇನ್ನೊಂದು ಕಾರಿನ ದೂರು ಐಡಲ್‌ನಲ್ಲಿ ಬರುವ ಸದ್ದು: ಡಬ್ಬಿಯಲ್ಲಿ ಗೋಲಿ ಹಾಕಿ ಅಲುಗಿಸಿದಂತೆ, ಪೆಡಲ್ ಸ್ವಲ್ಪ ಒತ್ತಿದರೆ ಮಾಯ. ಎಂಜಿನ್ನೇ ಹೋಯಿತು ಎಂದು ಮಾಲೀಕರು ಕಂಗೆಟ್ಟಿದ್ದರು. ಪುಲ್ಲಿಯಿಂದ ರೋಟರ್ ಗೇರುಗಳಿಗೆ ತಿರುಗುಬಲ ದಾಟಿಸುವ ಕಡೆ ಒಂದು ಕಪ್ಲರ್ ಇರುತ್ತದೆ. ಎಂಜಿನ್ನಿನ ಕುಲುಕಾಟವನ್ನು ನುಂಗುವುದು ಅದರ ಕೆಲಸ. ಅದರ ಪ್ಲಾಸ್ಟಿಕ್ ತೂತುಗಳು ಸವೆದು ಮೊಟ್ಟೆಯಾಕಾರಕ್ಕೆ ಬಂದಾಗ ಒಳಗಿನ ಪಿನ್ನುಗಳು ಬಡಿಯತೊಡಗುತ್ತವೆ. ಉದ್ದ ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಗಿಟ್ಟು ತುದಿಯನ್ನು ಪುಲ್ಲಿಯ ಹಿಂದಿನ ಮೂತಿಗೆ ಒತ್ತಿದರೆ ಸದ್ದು ಎಲ್ಲಿಯದೆಂದು ತಿಳಿಯುತ್ತದೆ. ಎಂಜಿನ್ ನಿಲ್ಲಿಸಿ, ಬೆಲ್ಟ್ ತೆಗೆದು, ಪುಲ್ಲಿಯನ್ನು ಕೈಯಲ್ಲಿ ಹಿಂದೆಮುಂದೆ ಆಡಿಸಿದರೆ ರೋಟರ್ ಅಲುಗುವ ಮುಂಚೆಯೇ ಪುಲ್ಲಿ ಸಡಿಲವಾಗಿ ಆಡುವುದು ಕೈಗೆ ಸಿಗುತ್ತದೆ. ಪುಲ್ಲಿ ಮೇಲೆ ಕೆಳಗೆ ಆಡಿದರೆ ಮಾತ್ರ ಬೇರಿಂಗ್. ಸೂಪರ್‌ಚಾರ್ಜರ್‌ಗೆ ಬೇರೆಯದೇ ಆಯಿಲ್ ಇರುವುದನ್ನು ಹಲವರು ಮರೆಯುತ್ತಾರೆ; ಕಪ್ಲರ್ ಬದಲಿಸುವಾಗ ಅದನ್ನೂ ಬದಲಿಸಿ, ಹೇಳಿದಷ್ಟೇ ತುಂಬಬೇಕು, ಹೆಚ್ಚಿಗೆ ಹಾಕಿದರೆ ಸೀಲ್ ದಾಟಿ ಗಾಳಿಯ ದಾರಿಗೆ ಬರುತ್ತದೆ.

ಬೂಸ್ಟ್ ಹೆಚ್ಚು, ಎಳೆತ ಕಡಿಮೆ

ಅಪರೂಪವಾದರೂ ಒಮ್ಮೆ ಕಂಡರೆ ಮರೆಯದ ದೋಷವಿದು. ಗೇಜ್ ಎಂದಿಗಿಂತ ಹೆಚ್ಚು ಒತ್ತಡ ತೋರಿಸುತ್ತದೆ, ಕಾರು ಮಾತ್ರ ಏದುಸಿರು ಬಿಡುತ್ತದೆ. ಸೂಪರ್‌ಚಾರ್ಜರ್ ತನ್ನ ಪಾಲಿನ ಗಾಳಿಯನ್ನು ತಳ್ಳುತ್ತಲೇ ಇದೆ, ಎಂಜಿನ್ನಿನಿಂದ ಹೊಗೆ ಹೊರಹೋಗುತ್ತಿಲ್ಲ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕರಗಿರುವುದು ಅಥವಾ ಕಟ್ಟಿಕೊಂಡಿರುವುದು ಇದರ ಸಾಮಾನ್ಯ ಕಾರಣ. ಮುಂದಿನ ಆಕ್ಸಿಜನ್ ಸೆನ್ಸರ್ ತೆಗೆದ ಜಾಗದಲ್ಲಿ ಒತ್ತಡದ ಗೇಜ್ ಕೂರಿಸಿ, 2500 ಆರ್‌ಪಿಎಂನಲ್ಲಿ 0.2 ಬಾರ್‌ಗಿಂತ ಹೆಚ್ಚು ಬಂದರೆ ಕನ್ವರ್ಟರ್ ಬಿಚ್ಚಿ ನೋಡಬೇಕು.

ಪೆಟ್ರೋಲಿನ ದೋಷ ಶಾಖದ ದೋಷದ ವೇಷ ಹಾಕಿಕೊಂಡು ಬರುತ್ತದೆ, ಏಕೆಂದರೆ ಪೆಟ್ರೋಲಿನ ಆಕ್ಟೇನ್ ಸಾಲದಿದ್ದರೂ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಹೊತ್ತಿ ಬಡಿಯುವ ಸದ್ದು) ಕೇಳಿದ ಕಂಪ್ಯೂಟರ್ ಸ್ಪಾರ್ಕನ್ನು ಹಿಂದೆ ಸರಿಸುತ್ತದೆ. ಬೆಳಗಿನ ಜಾವದ ಮೊದಲ ಓಟದಲ್ಲೇ, ಗಾಳಿ ಇನ್ನೂ ತಂಪಿರುವಾಗಲೇ ಸ್ಪಾರ್ಕ್ ಇಳಿದರೆ ಟ್ಯಾಂಕಿನಲ್ಲಿರುವುದನ್ನು ಅನುಮಾನಿಸಬೇಕು.

ಸೂಪರ್‌ಚಾರ್ಜರ್ ಬಿಚ್ಚುವ ಹೊತ್ತು

ಇಷ್ಟೆಲ್ಲ ಆದ ಮೇಲೂ ಒತ್ತಡ ಕಡಿಮೆಯೇ ಇದ್ದರೆ, ಅಥವಾ ಇಂಟರ್‌ಕೂಲರ್‌ನ ಮೇಲೆ ಬೆಳ್ಳಿಯಂಥ ಲೋಹದ ಪುಡಿ ಕಂಡರೆ ಮಾತ್ರ ಅದನ್ನು ಕೆಳಗಿಳಿಸಬೇಕು. ಗಾಳಿ ಬಾಯಿಯಿಂದ ನೋಡಿದಾಗ ರೋಟರ್‌ಗಳ ಮೇಲೆ ಉದ್ದಕ್ಕೆ ಗೀರು ಬಿದ್ದಿದ್ದರೆ, ಕೈಯಿಂದ ತಿರುಗಿಸುವಾಗ ಮರಳು ಸಿಕ್ಕಿದಂತೆ ಒರಟಾಗಿ ತಿರುಗಿದರೆ ಇಡಿಯಾಗಿ ಬದಲಿಸುವುದೇ ದಾರಿ. ಎರಡು ರೋಟರ್‌ಗಳನ್ನು ಹೊಂದಿಸಿಡುವ ಟೈಮಿಂಗ್ ಗೇರುಗಳನ್ನು ಒತ್ತಿ ಕೂರಿಸಿರುತ್ತಾರೆ. ತಕ್ಕ ಜಿಗ್ ಇಲ್ಲದೆ ಅವನ್ನು ಬಿಚ್ಚಿದರೆ ಕೂದಲೆಳೆಯ ಸಂದು ಮತ್ತೆ ಸಿಗುವುದಿಲ್ಲ. ಟರ್ಬೊ ಕಾರ್ಟ್ರಿಜ್ ಬದಲಿಸಿ ಪಳಗಿದ ಕೈ ಇಲ್ಲಿ ಆಸೆಪಡಬಾರದು.

ಹೊದಿಕೆ ತೆಗೆದು, ಬಂಪರ್ ಕಟ್ಟಿ, ಅದೇ ಕಾಂಕ್ರೀಟ್ ರಸ್ತೆಯಲ್ಲಿ 40 ಡಿಗ್ರಿ ಬಿಸಿಲಿನಲ್ಲಿ ಆ ಎರಡು ಸೀಟಿನ ಕಾರನ್ನು ಮತ್ತೆ ಮೂರು ಸಲ ಓಡಿಸಿದಾಗ ಗಾಳಿಯ ಉಷ್ಣತೆ ಕ್ರಮವಾಗಿ 57, 62, 66ಕ್ಕೆ ನಿಂತಿತು. ರೇಡಿಯೇಟರ್‌ಗೆ ಹೋಗುವ ಪೈಪ್ 56, ಬರುವುದು 47. ಸ್ಪಾರ್ಕ್ ಮೂರನೇ ಓಟದಲ್ಲೂ 18 ಡಿಗ್ರಿಯಲ್ಲಿತ್ತು. ಮ್ಯಾನಿಫೋಲ್ಡ್ ಒತ್ತಡ ಮಾತ್ರ ಮೊದಲಿಗಿಂತ ಒಂದು ಅಂಕಿ ಕಡಿಮೆ, 166.